ತಮ್ಮ ಬೀಜವನ್ನೆಲ್ಲ ಮುಂದಕ್ಕೆ ತಳ್ಳಿದ ವರ್ಷತೊಡಕು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಹಬ್ಬದಲ್ಲಿ ಉಳಿದ ಒಬ್ಬಟ್ಟುಗಳನ್ನು ಒಂದಕ್ಕೊಂದು ಅಂಟದ ಹಾಗೆ ಬಿಡಿಸಿ ಡಬ್ಬಿಗೆ ಹಾಕಿದೆ, ಒಬ್ಬಟ್ಟಿನ ಸಾರನ್ನು ಮತ್ತೊಮ್ಮೆ ಕುದಿಸಿ ಇಳಿಸಿದೆ. ಬೆಳ್ಳುಳ್ಳಿ ಸುಲಿದೆ, ಕೊತ್ತಂಬರಿ ಬೀಜ ಹುರಿದು ಆರಲು ಹರವಿದೆ, ಕಾಯಿ ತುರಿದೆ. ನೀರು ಬಿಡುವ ದಿನವಾದ್ದರಿಂದ ಸಂಪು ತುಂಬಿತೋ ಇಲ್ಲವೋ ಎಂದು ಆಗಾಗ ಇಣುಕಿದೆ. ನಡುಮನೆ ಗುಡಿಸಿ ದೊಡ್ಡ ಚಾಪೆ, ಅದರ ಮೇಲೆ ಹಳೆಯ ಜಮಖಾನ ಹಾಸಿದೆ. ಕೊನೆಗೆ ಅಟ್ಟದಿಂದ ಹುಣಸೆಬೀಜದ ಡಬ್ಬಿ ಇಳಿಸಿ, ಹುಳ ಕೊರೆದವನ್ನು ಆರಿಸಿ ಎಸೆದು, ಉಳಿದವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನಾಲ್ಕು ಪಾಲು ಮಾಡಿದೆ.

ನಮ್ಮ ಯಜಮಾನರು ಬೆಳಕು ಹರಿಯುವ ಮೊದಲೇ ಬೂವನಹಳ್ಳಿ ಕಡೆಗೆ ಹೋಗಿದ್ದರು. ಅಲ್ಲಿ ನೆಂಟರ ಮನೆಯವರು ನಾಲ್ಕಾರು ಜನ ಸೇರಿ ಕುರಿ ಕೊಯ್ದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅದರಲ್ಲಿ ನಮ್ಮದೂ ಒಂದು ಗುಡ್ಡೆ. ಪ್ರತಿವರ್ಷ ಬೇಗ ಬರುತ್ತೇನೆ ಅನ್ನುತ್ತಾರೆ, ಮಧ್ಯಾಹ್ನ ತಿರುಗಿದ ಮೇಲೆಯೇ ಬರುತ್ತಾರೆ. ಅವರಿಗೆ ಇಸ್ಪೀಟು ಆಗದು. ಬಾಡು ತರುವ ನೆಪದಲ್ಲಿ ಮನೆಯಿಂದ ದೂರ ಇರುತ್ತಾರೆ ಎಂದು ನನ್ನ ಅನುಮಾನ.

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ವರ್ಷತೊಡಕು. ಆವತ್ತು ಬಾಡೂಟ ಆಗಬೇಕು, ಇಸ್ಪೀಟೆಲೆ ಆಡಬೇಕು. ಆವತ್ತು ಕೈಗೆ ಬಂದದ್ದು ವರ್ಷವಿಡೀ ಕೈಯಲ್ಲಿರುತ್ತದೆ, ಆವತ್ತು ಕೈಬಿಟ್ಟದ್ದು ವರ್ಷವಿಡೀ ಸಿಗುವುದಿಲ್ಲ ಎಂದು ಹಿರಿಯರ ನಂಬಿಕೆ. ಅದಕ್ಕೇ ಆವತ್ತು ಮಕ್ಕಳನ್ನು ಬೈಯುವುದಿಲ್ಲ, ಕಣ್ಣಲ್ಲಿ ನೀರು ಹಾಕುವುದಿಲ್ಲ. ದುಡ್ಡಿಟ್ಟು ಆಡಕೂಡದು ಎಂದು ನಮ್ಮಪ್ಪ ಕಟ್ಟು ಮಾಡಿದ್ದರಿಂದ ನಮ್ಮದು ಹುಣಸೆಬೀಜದ ಆಟ. ಅಪ್ಪ ಹೋದ ಮೇಲೆ ಆಟ ಹಾಸನದ ನನ್ನ ಮನೆಗೆ ಬಂತು. ಹೊಳೆನರಸೀಪುರದಿಂದ ತಮ್ಮ, ಅರಕಲಗೂಡಿನಿಂದ ತಂಗಿ, ಚನ್ನರಾಯಪಟ್ಟಣದಿಂದ ಭಾವ ಬರುತ್ತಾರೆ. ಭಾವ ಅಂದರೆ ನಮ್ಮ ದೊಡ್ಡಕ್ಕನ ಗಂಡ. ಅಕ್ಕ ತೀರಿಕೊಂಡು ಐದಾರು ವರ್ಷವಾಯಿತು. ಅಂದಿನಿಂದ ಅವಳ ಜಾಗದಲ್ಲಿ ಭಾವ ಕೂರುತ್ತಾರೆ.

ಆಟ ಸುಲಭದ್ದು. ಒಬ್ಬೊಬ್ಬರಿಗೆ ಮೂರು ಎಲೆ. ಒಂದೇ ಥರದ ಎರಡು ಬಂದರೆ ಜೋಡಿ, ಮೂರು ಬಂದರೆ ಅದಕ್ಕಿಂತ ಮೇಲೆ ಇನ್ನೇನಿಲ್ಲ. ಏನೂ ಕೂಡದಿದ್ದರೆ ಎಕ್ಕ ಇದ್ದವನು ದೊಡ್ಡವನು. ಎಲೆ ನೋಡಿಕೊಂಡು ಇಷ್ಟು ಬೀಜ ಅಂತ ಇಡಬೇಕು, ಇಲ್ಲ ಎಲೆ ಬಿಸಾಕಬೇಕು. ಇಟ್ಟದ್ದಕ್ಕೆ ಸಮ ಇಟ್ಟವರು ಎಲೆ ತೋರಿಸಿ ಅಂತ ಕೇಳಬಹುದು. ಬೀಜ ಮುಗಿದವರು ಎದ್ದು ಅಡುಗೆಮನೆಗೆ ಹೋಗಬೇಕು. ಕೊನೆಗೆ ಎಲ್ಲ ಬೀಜ ಒಬ್ಬರ ಮುಂದೆ ಸೇರುವವರೆಗೂ ಆಟ.

ಇದರಲ್ಲಿ ಅಪ್ಪ ಹಾಕಿಕೊಟ್ಟ ಒಂದು ಗಂಟಿದೆ. ಅದಕ್ಕೆ ಕೂರುಬೀಜ ಅನ್ನುತ್ತೇವೆ. ಪ್ರತಿ ಸಲ ಎಲೆ ಹಂಚುವ ಮೊದಲು, ಸುಮ್ಮನೆ ಕೂತಿದ್ದಕ್ಕೆ, ಎಲ್ಲರೂ ನಡುವಿಗೆ ಬೀಜ ಹಾಕಬೇಕು. ಮೊದಲು ಒಂದೊಂದು. ಕಾಫಿ ಆದ ಮೇಲೆ ಎರಡು. ಊಟವಾದ ಮೇಲೆ ನಾಲ್ಕು. ಹೀಗೆ ಹೊತ್ತು ಏರಿದ ಹಾಗೆ ಇಮ್ಮಡಿ. ಬೆಳಿಗ್ಗೆ ಯಾರಿಗೂ ಇದು ಲೆಕ್ಕಕ್ಕೇ ಬರುವುದಿಲ್ಲ. ಮಧ್ಯಾಹ್ನದ ಮೇಲೆ, ಆಡದಿದ್ದರೂ ಬೀಜ ಕರಗುತ್ತಿರುವುದು ಕಣ್ಣಿಗೆ ಕಾಣುತ್ತದೆ.

ತಮ್ಮ ಕಾಯುವ ಆಟಗಾರ. ಹೊಳೆನರಸೀಪುರದಲ್ಲಿ ಅವನದು ಪಂಪ್‌ಸೆಟ್ ಮೋಟರ್‌ಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ತಂತಿ ಸುತ್ತಿ ಸುತ್ತಿ ಅವನಿಗೆ ಅವಸರ ಅನ್ನುವುದೇ ಹೋಗಿದೆ. ಜೋಡಿ ಬರುವವರೆಗೂ ಬಿಸಾಕುತ್ತಾನೆ, ಜೋಡಿ ಬಂದರೂ ಸಣ್ಣದಾದರೆ ಬಿಸಾಕುತ್ತಾನೆ. ನನಗಿಂತ ಹೆಚ್ಚು ಹೊತ್ತು ಉಳಿಯುತ್ತಾನೆ, ಗೆಲ್ಲುವುದಿಲ್ಲ. ತಮ್ಮ ಒಂದೇಟಿಗೆ ಸೋತದ್ದನ್ನು ನಾವು ಯಾರೂ ನೋಡಿಲ್ಲ. ಅವನ ಬೀಜ ಸವೆದದ್ದನ್ನು ನೋಡಿದ್ದೇವೆ.

ಈ ವರ್ಷ ಹೆಂಡತಿಯ ಜೊತೆ ಬಂದವನು ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತ. ತುಳಸಿ ಗಿಡ ನೋಡುವವನ ಹಾಗೆ ನಿಂತು ಉಸಿರು ಎಳೆದುಕೊಂಡ. ಅವನ ಎದೆಯ ಒಂದು ವಾಲ್ವು ಕಿರಿದಾಗಿದೆ. ಈಗಲೇ ಆಪರೇಶನ್ ಮಾಡಿಸಿದರೆ ತಡೆದುಕೊಳ್ಳುವ ಶಕ್ತಿ ಮೈಯಲ್ಲಿದೆ, ಇನ್ನೂ ಸೊರಗಿದ ಮೇಲೆ ಬಂದರೆ ನಾವೇ ಯೋಚನೆ ಮಾಡಬೇಕಾಗುತ್ತದೆ ಎಂದು ಮೈಸೂರಿನ ಡಾಕ್ಟರು ಹೇಳಿ ತಿಂಗಳುಗಳಾದವು. ಇವನು ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅಕ್ಕನೂ ಹೊಟ್ಟೆಯ ಆಪರೇಶನ್‌ಗೆ ಅಂತ ಮೈಸೂರಿಗೆ ಹೋದವಳು ಆಸ್ಪತ್ರೆಯಿಂದಲೇ ಹೆಣವಾಗಿ ಬಂದಳು. ಅದು ಅವನ ಮನಸ್ಸಿನಲ್ಲಿ ಕೂತಿದೆ.

ಹಬ್ಬಕ್ಕೆ ವಾರದ ಮುಂಚೆ ಅವನ ಹೆಂಡತಿ ನನಗೆ ಫೋನ್ ಮಾಡಿದ್ದಳು.

"ಅತ್ಗೆ, ಇವ್ರು ಒಂದ್ ಮಾತು ಅಂದವ್ರೆ. ಈ ಸಲ ವರ್ಷತೊಡಕಲ್ಲಿ ಗೆದ್ರೆ ಆಪರೇಶನ್ ಮಾಡಿಸ್ಕೋತೀನಿ, ಸೋತ್ರೆ ಆ ಮಾತೇ ಎತ್ಬ್ಯಾಡ ಅಂತ."

"ಬೀಜದಾಟಕ್ಕೂ ಎದೆಗೂ ಏನವ್ವ ಸಂಬಂಧ?"

"ನಂಗೊತ್ತಾ? ವರ್ಷ ಎಂಗದೆ ಅಂತ ನೋಡ್ಬೇಕಂತೆ."

ನಾನು ತಂಗಿಗೆ ಹೇಳಿದೆ. ತಂಗಿ ಒಂದು ಕ್ಷಣವೂ ಯೋಚಿಸದೆ, "ಅಷ್ಟೇನಾ, ಗೆಲ್ಸಿದ್ರಾಯ್ತು ಬುಡಕ್ಕ" ಅಂದಳು. ಭಾವನಿಗೆ ಹೇಳುವುದು ಬೇಡ ಅಂದುಕೊಂಡೆವು. ಅವರ ಮುಖದಲ್ಲಿ ಸುಳ್ಳು ನಿಲ್ಲುವುದಿಲ್ಲ. ನಾವಿಬ್ಬರೂ ನಮ್ಮ ಬೀಜವನ್ನೆಲ್ಲ ತಮ್ಮನ ಕಡೆಗೆ ಹರಿಸಿಬಿಟ್ಟರೆ ಭಾವ ಒಬ್ಬರೇ ಏನು ಮಾಡಿಯಾರು ಎಂದು ನಮ್ಮ ಎಣಿಕೆ.

ಹಾಗೇ ಶುರುವಾಯಿತು. ತಮ್ಮ ಬೀಜ ಇಟ್ಟ ಕೂಡಲೇ ನಾನು ಬಿಸಾಕುವುದು, ತಂಗಿ ಬಿಸಾಕುವುದು. ಇಲ್ಲವೇ ಕೈಯಲ್ಲಿ ಏನೂ ಇಲ್ಲದಾಗ ಅವನಿಗೆ ಸಮ ಇಟ್ಟು ಸೋಲುವುದು. ಕಾಫಿಯ ಹೊತ್ತಿಗೆ ಅವನ ಮುಂದೆ ಒಳ್ಳೆಯ ಗುಡ್ಡೆಯಾಗಿತ್ತು. ಭಾವ ತಮ್ಮ ಪಾಡಿಗೆ ತಾವು ಆಡಿಕೊಂಡಿದ್ದರು.

"ಏನಮ್ಮಿ, ಇಬ್ರೂ ಇವತ್ತು ಉಪವಾಸ ಮಾಡ್ದೋರಂಗೆ ಆಡ್ತೀರಿ?" ಎಂದು ಭಾವ ನನ್ನನ್ನು ಕೇಳಿದರು.

"ಎಲೆ ಬರ್ತಾ ಇಲ್ಲ ಭಾವ."

"ನಿಂಗೆ ಯಾವತ್ತು ಬಂದಿತ್ತು ಬುಡು."

ಊಟಕ್ಕೆ ಮೊದಲಿನ ಕೊನೆಯ ಹಂಚಿಕೆ. ತಮ್ಮ ದೊಡ್ಡದಾಗಿ ಇಟ್ಟ. ತಂಗಿ ಎಲೆ ನೋಡಿದಳು, ಉಗುರು ಕಚ್ಚಿದಳು, ಬಿಸಾಕಿದಳು. ಕೈಯಿಂದ ಜಾರಿದ ಎಲೆಗಳಲ್ಲಿ ಎರಡು ಜಮಖಾನದ ಮೇಲೆ ಮೇಲ್ಮುಖವಾಗಿ ಬಿದ್ದವು. ಎರಡೂ ರಾಜ.

ತಮ್ಮ ಅವನ್ನೇ ನೋಡಿದ. ಆಮೇಲೆ ತಂಗಿಯನ್ನು, ಆಮೇಲೆ ನನ್ನನ್ನು.

"ರಾಜನ ಜೋಡಿ ಬಿಸಾಕ್ತಾರೇನಮ್ಮಿ?"

"ಕಣ್ಣಿಗೆ ಸರಿಯಾಗಿ ಕಾಣ್ಲಿಲ್ಲ ಅಣ್ಣಯ್ಯ."

"ನಿನ್ ಕಣ್ಣಿಗೆ ಅರಕಲಗೂಡಿಂದ ಹಾಸನ ಕಾಣ್ತದೆ. ರಾಜ ಕಾಣಲ್ವಾ?"

ತಂಗಿ ತಲೆ ಬಗ್ಗಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಬಂದು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಅವನಿಗೆ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

"ಏನು ನಡೀತಾ ಅದೆ ಇಲ್ಲಿ?" ಎಂದರು ಭಾವ. ತಮ್ಮನೇ ಹೇಳಿದ. ಹೆಂಡತಿಗೆ ತಾನು ಅಂದ ಮಾತು, ಈಗ ನಾವು ಮಾಡಿದ ಕೆಲಸ, ಎರಡನ್ನೂ. ಹೇಳುವಾಗ ಅವನ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ಭಾವ ಎಲೆ ಕೆಳಗಿಟ್ಟರು.

"ಇನ್ಮೇಲೆ ನೆಟ್ಟಗೆ ಆಡಿ," ಎಂದ ತಮ್ಮ. "ಬಿಟ್ಕೊಟ್ಟು ಗೆಲ್ಸಿದ್ರೆ ಅದು ನನ್ನ ವರ್ಷ ಆಗಲ್ಲ. ಭಾವ, ನೀವೂ ಅಷ್ಟೇಯ. ಮತ್ತೆ ಯಾರಾದ್ರೂ ಇಂಗೆ ಮಾಡಿದ್ರೆ ಬಸ್ ಹತ್ತಿ ಓಯ್ತೀನಿ."

"ಆಗ್ಲಿ ಕಣ್ಲಾ," ಎಂದರು ಭಾವ.

ಒಬ್ಬಟ್ಟು, ಸಾರು, ಅನ್ನ ಉಂಡೆವು. ಒಬ್ಬಟ್ಟಿಗೆ ತುಪ್ಪ ಹಾಕುವಾಗ ಯಾರೂ ಸಾಕು ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಆಗಲೇ ಯಜಮಾನರು ಬಾಡಿನ ಚೀಲ ಹಿಡಿದು ಬಂದರು. ಮನೆಯ ಗಾಳಿ ನೋಡಿ ನೇರ ಹಿತ್ತಲಿಗೆ ಹೋಗಿ ತೊಳೆಯಲು ಕೂತರು.

ಊಟವಾದ ಮೇಲಿನ ಆಟ ಬೇರೆಯೇ ಆಟ. ನೆಟ್ಟಗೆ ಆಡಿದರೆ ನಾನು ಎಷ್ಟು ಹೊತ್ತು ನಿಲ್ಲುವವಳು? ಬೇಗ ಎದ್ದೆ. ತಂಗಿ ಇನ್ನಷ್ಟು ಹೊತ್ತು ಹೋರಾಡಿ ಭಾವನ ಕೈಯಲ್ಲಿ ಸೋತು ಎದ್ದಳು. ಕಟ್ಟಿನ ಪ್ರಕಾರ ನಾವು ಒಳಗೆ ಹೋಗಬೇಕಿತ್ತು. ಹೋಗದೆ ಬಾಗಿಲಿನ ಹೊಸಲಿನ ಮೇಲೆ ಈರುಳ್ಳಿ ಹೆಚ್ಚುತ್ತಾ ಕೂತೆವು.

ಈಗ ಇಬ್ಬರೇ. ನಮ್ಮಲ್ಲಿ ಉಳಿದಿದ್ದ ಬೀಜವೆಲ್ಲ ಭಾವನ ಮುಂದೆ ಸೇರಿತ್ತು. ತಮ್ಮನ ಮುಂದೆ ಎರಡು ಬೊಗಸೆಯಷ್ಟು ಇದ್ದದ್ದು, ಅವನು ಹಳೆಯ ಅಭ್ಯಾಸದಂತೆ ಬಿಸಾಕುತ್ತಾ ಬಿಸಾಕುತ್ತಾ ಒಂದೂವರೆ ಬೊಗಸೆಯಾಯಿತು. ಸಂಜೆ ಕಾಫಿ ಆದ ಮೇಲೆ ಕೂರುಬೀಜ ಮತ್ತೆ ಇಮ್ಮಡಿ. ಇಬ್ಬರೇ ಇದ್ದಾಗ ಹಂಚಿಕೆ ಬೇಗ ಬೇಗ ಬರುತ್ತದೆ. ಒಂದು ಬೊಗಸೆಯಾಯಿತು.

ಇಷ್ಟು ವರ್ಷ ನೋಡಿ ನನಗೂ ಒಂದು ತಿಳಿದಿದೆ. ಬೀಜ ತುಂಬ ಇರುವಾಗ ಕಾಯುವುದು ಜಾಣತನ. ಕಡಿಮೆಯಾದ ಮೇಲೆ ಕಾಯುವುದು ನಿಧಾನವಾಗಿ ಸೋಲುವುದು. ಆದರೆ ಇವೆರಡರ ನಡುವೆ ಒಂದು ಹೊತ್ತಿರುತ್ತದೆ. ಆಗ ನೀನು ಎಲ್ಲವನ್ನೂ ಮುಂದಕ್ಕೆ ತಳ್ಳಿದರೆ ಎದುರಿನವನು ಒಂದು ಗಳಿಗೆ ಯೋಚಿಸಬೇಕಾಗುತ್ತದೆ: ಇದಕ್ಕೆ ಸಮ ಇಟ್ಟು ಸೋತರೆ ನನಗೂ ನೋಯುತ್ತದಲ್ಲ ಅಂತ. ಅರ್ಧಕ್ಕರ್ಧ ಸಲ ಅವನೇ ಬಿಸಾಕುತ್ತಾನೆ, ಎಲೆ ತೋರಿಸುವ ಮಾತೇ ಬರುವುದಿಲ್ಲ. ಹಾಗಲ್ಲದೆ ಇನ್ನೂ ಒಳ್ಳೆಯ ಎಲೆ ಬರಲಿ, ಇನ್ನೂ ಒಳ್ಳೆಯದು ಬರಲಿ ಎಂದು ಕೂತು, ಕೊನೆಗೆ ರಾಜನ ಜೋಡಿಯೇ ಬಂದಾಗ ಇಡಲು ಹಿಡಿ ಬೀಜವೂ ಇಲ್ಲದಿದ್ದರೆ, ಎದುರಿನವನು ನಗುತ್ತಾ ಸಮ ಇಡುತ್ತಾನೆ. ಗೆದ್ದರೂ ಹಿಡಿ ಎರಡು ಹಿಡಿಯಾಗುತ್ತದೆ, ಅಷ್ಟೆ. ಆ ನಡುವಿನ ಹೊತ್ತು ಯಾವುದು ಎಂದು ಎಲೆ ಹೇಳುವುದಿಲ್ಲ. ಮುಂದಿರುವ ಬೀಜ ನೋಡಿ ತಿಳಿಯಬೇಕು.

ಭಾವ ಹಂಚಿದರು. ತಮ್ಮ ಎಲೆ ನೋಡಿದ. ಹೊಸಲಿನಿಂದ ನನಗೆ ಅವನ ಎಲೆ ಕಾಣುತ್ತಿತ್ತು: ಎಕ್ಕ, ರಾಜ, ಏಳು. ಜೋಡಿಯಿಲ್ಲ, ಏನಿಲ್ಲ. ಎಂದಿನಂತಾದರೆ ಅವನು ಬಿಸಾಕುವ ಎಲೆ. ಅವನ ಕೈ ಎಲೆಯ ಮೇಲೇ ಇತ್ತು. ಭಾವನ ಗುಡ್ಡೆ ನೋಡಿದ, ತನ್ನ ಗುಡ್ಡೆ ನೋಡಿದ. ಆಮೇಲೆ ಎರಡೂ ಅಂಗೈಯನ್ನು ಬೀಜದ ಹಿಂದೆ ಇಟ್ಟು, ರೊಟ್ಟಿಹಿಟ್ಟು ಒತ್ತರಿಸುವ ಹಾಗೆ, ಒಂದನ್ನೂ ಉಳಿಸದೆ ಮುಂದಕ್ಕೆ ತಳ್ಳಿದ.

ತಂಗಿಯ ಚಾಕು ನಿಂತಿತು.

ಭಾವ ಎಲೆ ಎತ್ತಿ ನೋಡಿದರು, ಮಗುಚಿಟ್ಟರು, ಮತ್ತೆ ಎತ್ತಿದರು. ಬಿಸಾಕಲು ಕೈ ಚಾಚಿದ್ದೂ ಕಂಡಿತು. ಹಿಂದಕ್ಕೆಳೆದುಕೊಂಡರು. ಕೊನೆಗೆ ಸಮ ಬೀಜವನ್ನು ನಡುವಿಗೆ ಸರಿಸಿ ಎಲೆ ಬಿಚ್ಚಿದರು. ಮೂರರ ಜೋಡಿ.

ಸಣ್ಣ ಜೋಡಿ, ಆದರೂ ಜೋಡಿ. ತಮ್ಮ ತನ್ನ ಎಕ್ಕ ರಾಜರನ್ನು ಪಕ್ಕದಲ್ಲಿ ಹರವಿ, ಒಮ್ಮೆ ತಲೆಯಾಡಿಸಿ, ಗೋಡೆ ಹಿಡಿದು ಎದ್ದು ಹಿತ್ತಲಿಗೆ ಹೋದ.

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. "ಮುಗೀತು ಬುಡಿ ಅತ್ಗೆ," ಎಂದಳು ಅವನ ಹೆಂಡತಿ. ವರ್ಷತೊಡಕು ಎಂದು ಕಣ್ಣೀರು ಹಾಕಲಿಲ್ಲ. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಳು.

ಭಾವ ಗೆದ್ದ ಬೀಜವನ್ನು ಮುಟ್ಟದೆ ಎದ್ದು ಅವನ ಹಿಂದೆಯೇ ಹೋದರು. ನಾನು ಟವೆಲ್ ಕೊಡುವ ನೆಪದಲ್ಲಿ ಹೋದೆ. ತಮ್ಮ ಮುಖ ತೊಳೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ.

"ನೀನು ತಪ್ಪಾಡ್ಲಿಲ್ಲ ಕಣ್ಲಾ," ಎಂದರು ಭಾವ. "ನಾನು ಬಿಸಾಕೋನೇ ಇದ್ದೆ. ಮೂರರ ಜೋಡಿ ಏನ್ ಮಹಾ."

"ಮತ್ಯಾಕೆ ಬಿಸಾಕ್ಲಿಲ್ಲ?"

"ನೆಟ್ಟಗಾಡಿ ಅಂದ್ಯಲ್ಲ."

ತಮ್ಮ ಸ್ವಲ್ಪ ನಕ್ಕ. ನಗು ಉಸಿರಿಗೆ ಸಿಕ್ಕಿ ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದ: "ವರ್ಷತೊಡಕಲ್ಲಿ ಸೋತೋನು ಆ ಮಂಚದ ಮ್ಯಾಲೆ ಮಲಗಿದ್ರೆ ಎದ್ದು ಬತ್ತಾನಾ ಭಾವ?"

ಭಾವ ಎದುರಿಗಿದ್ದ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು.

"ನಿಮ್ಮಕ್ಕ ಆ ವರ್ಷ ಗೆದ್ದಿದ್ಲು," ಎಂದರು.

ಹೌದು, ಗೆದ್ದಿದ್ದಳು. ನನಗೆ ನೆನಪಿತ್ತು, ಆದರೆ ಅದನ್ನು ಯಾವುದರ ಜೊತೆಗೂ ಇಟ್ಟು ನೋಡಿರಲಿಲ್ಲ.

"ಇಷ್ಟೂ ಬೀಜನ ಸೆರಗಲ್ಲಿ ಕಟ್ಕೊಂಡು ಊರಿಗೆ ಬಂದ್ಲು. ಅಷ್ಟೊತ್ತಿಗೆ ಡಾಕ್ಟ್ರು ಹೇಳಿಯಾಗಿತ್ತು, ಬೇಗ ಮಾಡ್ಸಿ ಅಂತ. ನಿಮಗ್ಯಾರಿಗೂ ಹೇಳಿರ್ಲಿಲ್ಲ. ದಾರಿಲಿ ಅಂದ್ಲು: ಗೆದ್ದಿವ್ನಿ, ಇನ್ನು ವರ್ಷಪೂರ್ತಿ ನಂಗೇನೂ ಆಗಲ್ಲ, ಆಪರೇಶನ್ ಮುಂದಿನ್ ವರ್ಷ ನೋಡಾನ ಬುಡಿ. ನಾನೂ ಊಂ ಅಂದೆ. ನಂಗೂ ಎದ್ರಿಕೆ, ಊಂ ಅನ್ನಾಕೆ ಒಂದ್ ನೆವ ಸಿಕ್ತು. ಕರ್ಕೊಂಡೋಗೋ ಒತ್ಗೆ ಅವಳ ಮೈಯಾಗೆ ಏನೂ ಉಳಿದಿರ್ಲಿಲ್ಲ. ಕುಯ್ದೋರು ಅದನ್ನೇ ಅಂದ್ರು."

ಹಿತ್ತಲಿನ ಒಲೆಯ ಮೇಲೆ ಬಾಡು ಬೇಯುತ್ತಿತ್ತು. ಯಜಮಾನರು ಸೌಟು ಹಿಡಿದು ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು. ಅವರಿಗೂ ಕೇಳಿಸಿತ್ತು.

"ಆ ಆಸ್ಪತ್ರೆ ಬೀದಿಗೂ ಓಗಲ್ಲ ಅಂದ್ಕೊಂಡಿದ್ದೆ," ಎಂದರು ಭಾವ. "ಈ ವರ್ಷ ಗೆದ್ದೋನು ನಾನು ತಾನೆ? ನಾನೇ ನಿನ್ ಜೊತೆ ಬತ್ತೀನಿ. ಬಾಗ್ಲಾಚೆ ಕೂತಿರ್ತೀನಿ. ಆ ಗೆಲುವು ಏನ್ ಮಾಡ್ತದೋ ಮಾಡ್ಲಿ."

ತಮ್ಮ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಬಹಳ ಹೊತ್ತು ಟವೆಲ್ಲನ್ನು ಮುಖದಿಂದ ತೆಗೆಯಲಿಲ್ಲ. ತೆಗೆದ ಮೇಲೆ ನನ್ನನ್ನು ನೋಡಿ, "ಅಕ್ಕ, ಒಟ್ಟೆ ಅಸೀತದೆ ಕಣಕ್ಕ," ಎಂದ. ಒಳಗೆ ಬಂದು, ಮಸಾಲೆ ತೆಗೆಯುತ್ತಿದ್ದ ಹೆಂಡತಿಯ ಹಿಂದೆ ನಿಂತು ಹೇಳಿದ: "ನಾಳೆ ಡಾಕ್ಟ್ರಿಗೆ ಫೋನ್ ಮಾಡು. ಯಾವ್ ದಿನ ಕೊಡ್ತಾರೆ ಕೇಳು."

ಅವಳು ತಿರುಗಲಿಲ್ಲ. "ಸೋತ್ರಲ್ಲ ನೀವು," ಎಂದಳು.

"ಸೋತೆ. ಕೇಳು ಅಂದ್ನಲ್ಲ."

ಇದರಿಂದ ಎಲ್ಲ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ. ಇದನ್ನು ಮಾರನೆಯ ದಿನ ಮಧ್ಯಾಹ್ನ ಬರೆಯುತ್ತಿದ್ದೇನೆ. ಫೋನ್ ಮಾಡಿದ್ದಾಗಿದೆ, ದಿನ ಇನ್ನೂ ಗೊತ್ತಾಗಿಲ್ಲ. ತಮ್ಮ ನಿನ್ನೆ ಆಡಿದ್ದು ಸರಿಯಾದ ಆಟ, ಸರಿಯಾದ ಹೊತ್ತು, ಆದರೂ ಸೋತ. ಸರಿಯಾದದ್ದು ಮಾಡಿದವರಿಗೆ ಒಳ್ಳೆಯದೇ ಆಗಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ಅದು ಅವನಿಗೂ ಗೊತ್ತಿದೆ. ಗೊತ್ತಿದ್ದೂ ಹೂಂ ಅಂದಿದ್ದಾನೆ. ನಂಬಿಕೆ ಅನ್ನುವುದು ನನ್ನಲ್ಲೂ ಪೂರ್ತಿ ಸತ್ತಿಲ್ಲ, ಎದೆಯಲ್ಲಿ ಒಂದು ಕಡೆ ಕುಟ್ಟುತ್ತಲೇ ಇದೆ. ಆದರೆ ಅಕ್ಕ ಗೆದ್ದಿದ್ದಳು ಎನ್ನುವ ಮಾತು ಅದರ ಪಕ್ಕದಲ್ಲೇ ಬಂದು ಕೂತಿದೆ. ಎರಡೂ ಒಂದೇ ಮನೆಯಲ್ಲಿ ಹೇಗಿರುತ್ತವೋ ನೋಡಬೇಕು.

ನಿನ್ನೆ ಹೊತ್ತು ಮುಳುಗಿದ ಮೇಲೆ ಎಲ್ಲರೂ ಮಾಳಿಗೆಯ ಮೇಲೆ ಚಂದ್ರನನ್ನು ನೋಡಲು ಹತ್ತಿದೆವು. ತಮ್ಮ ಹತ್ತಲಿಲ್ಲ, ಬೀದಿಯಲ್ಲೇ ನಿಂತು, ಎದುರುಮನೆಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಹುಡುಕಿ ಕಂಡುಕೊಂಡ. ನಾವು ಇಳಿದು ಬಂದಾಗ ಪದ್ಧತಿಯಂತೆ ದೊಡ್ಡವರ ಕಾಲು ಮುಟ್ಟಿದ. ಭಾವ ಅವನ ತಲೆಯ ಮೇಲೆ ಕೈಯಿಟ್ಟು, ಪ್ರತಿವರ್ಷ ಹೇಳುವ ಹರಕೆಯ ಮಾತನ್ನು ಹೇಳಲು ಹೋಗಿ ಬಿಟ್ಟು, "ಏಳು, ಏಳು" ಎಂದಷ್ಟೇ ಅಂದರು.

ಆಮೇಲೆ ಊಟ. ರಾಗಿಮುದ್ದೆ, ಬಾಡಿನ ಸಾರು, ಕೈಮಾ ಉಂಡೆ, ಅನ್ನ, ಹೆಚ್ಚಿದ ಈರುಳ್ಳಿ, ನಿಂಬೆಹಣ್ಣು. ತಮ್ಮನಿಗೆ ಉಪ್ಪು ಕಡಿಮೆ ಹಾಕಿ ಬೇರೆ ಪಾತ್ರೆಯಲ್ಲಿ ಕುದಿಸಿದ್ದೆ. ಸಪ್ಪೆ ಎಂದು ಬೈದುಕೊಂಡೇ ಒಂದು ಮುದ್ದೆ ಮುಗಿಸಿ ಇನ್ನರ್ಧ ಹಾಕಿಸಿಕೊಂಡ. ತಂಗಿ ಮೂಳೆಯ ನೆಣಕ್ಕಾಗಿ ಯಜಮಾನರ ಜೊತೆ ಜಗಳವಾಡಿದಳು. ಪಾತ್ರೆ ತೊಳೆದು, ಚಾಪೆಗಳನ್ನು ಸಾಲಾಗಿ ಹಾಸಿದೆವು. ಮೊದಲು ನಿದ್ದೆಹೋದವರು ಭಾವ; ಮಾತಿನ ನಡುವೆಯೇ ಗೊರಕೆ ಬಂತು. ಆಮೇಲೆ ತಂಗಿ, ಆಮೇಲೆ ಯಜಮಾನರು. ತಮ್ಮ ಮತ್ತು ಅವನ ಹೆಂಡತಿ ಸಣ್ಣ ದನಿಯಲ್ಲಿ ಅಂಗಡಿಯನ್ನು ಯಾರಿಗೆ ನೋಡಿಕೊಳ್ಳಲು ಹೇಳುವುದು ಎಂದು ಮಾತಾಡುತ್ತಿದ್ದರು. ಅದನ್ನು ಕೇಳುತ್ತಾ ನನಗೂ ಕಣ್ಣು ಹತ್ತಿತು.